ಸ್ಪೋರ್ಟ್ ಬೇರೆ, ಸ್ಪೋರ್ಟ್ ಪ್ಲಸ್ ಬೇರೆ: ಬಿಎಂಡಬ್ಲ್ಯು 330ಐ ಡ್ರೈವ್ ಮೋಡ್‌ಗಳ ವಿಮರ್ಶೆ

ಗೇರ್ ಲಿವರಿನ ಪಕ್ಕದಲ್ಲಿರುವ ಸ್ಪೋರ್ಟ್ ಗುಂಡಿಯನ್ನು ಒತ್ತಿದಾಗ ಏನು ಬದಲಾಗುತ್ತದೆ ಎಂದು ಕೇಳಿದರೆ ಬಹುಪಾಲು ಮಾಲೀಕರು ಕಾರು ಚುರುಕಾಗುತ್ತದೆ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಇನ್ನು ಕೆಲವರು ಅದರಿಂದ ಚಕ್ರಗಳು ಜಾರದಂತೆ ಕಾಯುವ ಟ್ರ್ಯಾಕ್ಷನ್ ಕಂಟ್ರೋಲ್ ಸಡಿಲವಾಗುತ್ತದೆ ಎಂದು ನಂಬಿ, ರಸ್ತೆ ಒದ್ದೆಯಾದಾಗ ಆ ಗುಂಡಿಯ ಹತ್ತಿರವೂ ಹೋಗುವುದಿಲ್ಲ. ಅದು ಎಂಜಿನ್ನಿನ ಸದ್ದು ಹೆಚ್ಚಿಸುವ ಅಲಂಕಾರ ಮಾತ್ರ ಎಂದು ತಳ್ಳಿಹಾಕುವವರೂ ಇದ್ದಾರೆ. ಎಫ್30 ಎಂಬ ಸಂಕೇತನಾಮದ ಪೀಳಿಗೆಯ ಬಿಎಂಡಬ್ಲ್ಯು 330ಐ ಕಾರನ್ನು ಒಣ ರಸ್ತೆ, ಒದ್ದೆ ರಸ್ತೆ, ಬೆಟ್ಟದ ತಿರುವುಗಳು ಮತ್ತು ಮುಚ್ಚಿದ ಟ್ರ್ಯಾಕ್ ಎಲ್ಲ ಕಡೆಯೂ ಸಾಕಷ್ಟು ಓಡಿಸಿದ ನಂತರ ನನಗೆ ಸ್ಪಷ್ಟವಾಗಿರುವುದೇನೆಂದರೆ, ಈ ಕಾರಿನ ಸ್ಪೋರ್ಟ್ ಮೋಡ್ ಗೇರ್ ಬದಲಾವಣೆಗೂ ಆಕ್ಸಿಲರೇಟರಿನ ಸ್ಪಂದನೆಗೂ ಸಂಬಂಧಪಟ್ಟದ್ದು. ಅದೇ ಗುಂಡಿಯನ್ನು ಇನ್ನೊಮ್ಮೆ ಮುಂದಕ್ಕೆ ತಳ್ಳಿದಾಗ ಬರುವ ಸ್ಪೋರ್ಟ್ ಪ್ಲಸ್ ಟೈರಿನ ಹಿಡಿತವನ್ನು ಕಾಯುವ ವ್ಯವಸ್ಥೆಗೇ ಕೈ ಹಾಕುವಂಥದ್ದು. ಹೆಸರಿನಲ್ಲಿ ಒಂದು ಪದ ಹೆಚ್ಚಾದಂತೆ ಕಂಡರೂ ಇವೆರಡೂ ಬೇರೆ ಬೇರೆ ಸ್ವಭಾವದ ಮೋಡ್‌ಗಳು. ಈ ವಿಮರ್ಶೆಯನ್ನು ಕಾರಿನ ಉಳಿದ ಗುಣಗಳನ್ನು ಬದಿಗಿಟ್ಟು, ಆ ವ್ಯತ್ಯಾಸವೊಂದಕ್ಕೇ ಮೀಸಲಿಡುತ್ತೇನೆ.

2015ರ ಪರಿಷ್ಕರಣೆಯಲ್ಲಿ ಬಂದ ಈ 330ಐ ಕಾರಿನಲ್ಲಿ ಎರಡು ಲೀಟರಿನ, ನಾಲ್ಕು ಸಿಲಿಂಡರಿನ ಟರ್ಬೊ ಪೆಟ್ರೋಲ್ ಎಂಜಿನ್ ಇದೆ. ಅದರ ಶಕ್ತಿ 252 ಅಶ್ವಶಕ್ತಿ. ಟಾರ್ಕ್, ಅಂದರೆ ತಿರುಗುಬಲ, 350 ನ್ಯೂಟನ್ ಮೀಟರ್. ಆ ಟಾರ್ಕ್ 1,450 ಆರ್‌ಪಿಎಂನಿಂದ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳು) 4,800 ಆರ್‌ಪಿಎಂವರೆಗೂ ಹೆಚ್ಚುಕಡಿಮೆ ಸಮನಾಗಿ ಸಿಗುತ್ತದೆ. ನಾನು ಓಡಿಸಿದ ಕಾರಿನಲ್ಲಿ ಈ ಬಲವೆಲ್ಲ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತಿತ್ತು. ನಡುವೆ ಇರುವುದು ಜೆಡ್‌ಎಫ್ ಸಂಸ್ಥೆಯ ಎಂಟು ಗೇರುಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್.

ಸಾಮಾನ್ಯ ಓಡಾಟದ ಕಂಫರ್ಟ್ ಮೋಡ್‌ನಲ್ಲಿ ಈ ಗೇರ್‌ಬಾಕ್ಸ್ ನಡೆದುಕೊಳ್ಳುವ ರೀತಿಯನ್ನು ಮೊದಲು ಗಮನಿಸಬೇಕು, ಏಕೆಂದರೆ ಸ್ಪೋರ್ಟ್ ಮೋಡ್‌ನಲ್ಲಿ ಆಗುವ ಬದಲಾವಣೆ ಅರ್ಥವಾಗುವುದು ಇದರ ಹಿನ್ನೆಲೆಯಲ್ಲೇ. 1,450 ಆರ್‌ಪಿಎಂನಲ್ಲೇ ಪೂರ್ಣ ಟಾರ್ಕ್ ಸಿಗುವ ಎಂಜಿನ್ನನ್ನು ಹೆಚ್ಚು ವೇಗವಾಗಿ ತಿರುಗಿಸುವ ಅಗತ್ಯ ದಿನನಿತ್ಯದ ಓಡಾಟದಲ್ಲಿ ಬರುವುದಿಲ್ಲ. ಹೀಗಾಗಿ ಗೇರ್‌ಬಾಕ್ಸ್ ಸಾಧ್ಯವಾದಷ್ಟು ಬೇಗ ಮೇಲಿನ ಗೇರಿಗೆ ಹೋಗಿ, ಸಾಧ್ಯವಾದಷ್ಟು ಹೊತ್ತು ಅಲ್ಲೇ ಇರುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಇದು ಬಹಳ ಹಿತವಾಗಿದೆ ಮತ್ತು ಇಂಧನವನ್ನೂ ಉಳಿಸುತ್ತದೆ. ಆದರೆ ಮುಂದಿನ ವಾಹನವನ್ನು ದಾಟಬೇಕೆಂದು ಪೆಡಲನ್ನು ತುಳಿದಾಗ, ಎರಡು ಮೂರು ಗೇರ್ ಕೆಳಗಿಳಿಯುವುದಕ್ಕೂ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ತನ್ನ ಒತ್ತಡವನ್ನು ಕೂಡಿಸಿಕೊಳ್ಳುವುದಕ್ಕೂ ಬೇಕಾದ ಆ ಸಣ್ಣ ವಿರಾಮ ಅನುಭವಕ್ಕೆ ಬರುತ್ತದೆ.

ಸ್ಪೋರ್ಟ್ ಮೋಡ್ ತುಂಬಿಕೊಡುವುದು ಮುಖ್ಯವಾಗಿ ಈ ವಿರಾಮವನ್ನೇ. ಗುಂಡಿ ಒತ್ತಿದ ಕ್ಷಣವೇ, ಆಕ್ಸಿಲರೇಟರನ್ನು ಅಲುಗಾಡಿಸದೆ ಇದ್ದರೂ, ಗೇರ್‌ಬಾಕ್ಸ್ ಸಾಮಾನ್ಯವಾಗಿ ಒಂದು ಗೇರ್ ಕೆಳಗಿಳಿದು ಆರ್‌ಪಿಎಂ ಮುಳ್ಳು ಮೇಲೇರುತ್ತದೆ. ಅಲ್ಲಿಂದ ಮುಂದೆ ಮೇಲಿನ ಗೇರಿಗೆ ಹೋಗುವುದು ತಡವಾಗುತ್ತದೆ, ಕೆಳಗಿನ ಗೇರಿಗೆ ಬರುವುದು ಬೇಗನಾಗುತ್ತದೆ. ತಿರುವಿಗೆ ಮುನ್ನ ಬ್ರೇಕ್ ಒತ್ತಿದರೆ ಚಾಲಕ ಕೇಳುವ ಮೊದಲೇ ಗೇರ್ ಇಳಿದಿರುತ್ತದೆ. ತಿರುವಿನ ಮಧ್ಯದಲ್ಲಿ ಪೆಡಲಿನಿಂದ ಕಾಲು ಸ್ವಲ್ಪ ಎತ್ತಿದರೂ ಗೇರ್ ಮೇಲಕ್ಕೆ ಜಿಗಿಯದೆ ಹಿಡಿದುಕೊಂಡಿರುತ್ತದೆ. ನನ್ನ ಮಟ್ಟಿಗೆ ಇಡೀ ಸ್ಪೋರ್ಟ್ ಮೋಡ್‌ನ ಅತ್ಯಂತ ಬೆಲೆಯುಳ್ಳ ಗುಣ ಇದೇ. ತಿರುವಿನ ನಡುವೆ ಗೇರ್ ಬದಲಾಗದಿದ್ದರೆ ಹಿಂದಿನ ಚಕ್ರಗಳ ಮೇಲಿನ ಬಲದಲ್ಲಿ ಏರಿಳಿತವಿರುವುದಿಲ್ಲ. ಬಲದಲ್ಲಿ ಏರಿಳಿತವಿಲ್ಲದಿದ್ದರೆ ಕಾರು ಹಿಡಿದ ಗೆರೆಯನ್ನು ಬಿಡುವುದಿಲ್ಲ.

ಗೇರ್ ಬದಲಾವಣೆಯ ವೇಗದ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ಈ ಗೇರ್‌ಬಾಕ್ಸ್‌ನೊಳಗೆ ನಾಲ್ಕು ಪ್ಲ್ಯಾನೆಟರಿ ಗೇರ್ ಜೋಡಣೆಗಳೂ (ನಡುವಿನ ಗೇರಿನ ಸುತ್ತ ಸಣ್ಣ ಗೇರುಗಳು ಸುತ್ತುವಂಥವು) ಅವುಗಳನ್ನು ಹಿಡಿದು ಬಿಡುವ ಐದು ಕ್ಲಚ್ ಮತ್ತು ಬ್ರೇಕ್‌ಗಳೂ ಇವೆ. ಯಾವ ಗೇರಿನಲ್ಲಿದ್ದರೂ ಈ ಐದರಲ್ಲಿ ಮೂರು ಬಿಗಿದಿರುತ್ತವೆ, ಎರಡು ಮಾತ್ರ ತೆರೆದಿರುತ್ತವೆ. ಪಕ್ಕದ ಗೇರಿಗೆ ಹೋಗಲು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಸಾಕು. ಕೆಲಸ ಇಷ್ಟು ಸರಳವಾಗಿರುವುದರಿಂದಲೇ ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹೊತ್ತಿನಲ್ಲಿ ಬದಲಾವಣೆ ಮುಗಿಯುತ್ತದೆ. ಕಂಫರ್ಟ್‌ನಲ್ಲಿ ಈ ಹಸ್ತಾಂತರವನ್ನು ಬೇಕೆಂದೇ ಮೃದುವಾಗಿ, ಒಂದರ ಮೇಲೊಂದು ಹಾಯುವಂತೆ ಮಾಡಲಾಗುತ್ತದೆ. ಸ್ಪೋರ್ಟ್‌ನಲ್ಲಿ ಕ್ಲಚ್‌ಗಳು ಬಿಗಿಯಾಗಿ ಕಚ್ಚಿಕೊಳ್ಳುತ್ತವೆ. ಬೆನ್ನಿಗೆ ಒಂದು ಚಿಕ್ಕ ತಳ್ಳುವಿಕೆ ತಾಗುತ್ತದೆ. ಜನ ಚುರುಕು ಎಂದು ಕರೆಯುವ ಅನುಭವದಲ್ಲಿ ಈ ತಳ್ಳುವಿಕೆಯ ಪಾಲು ದೊಡ್ಡದು.

ಉಳಿದ ಪಾಲು ಆಕ್ಸಿಲರೇಟರಿನದು. ಪೆಡಲಿನಿಂದ ಎಂಜಿನ್ನಿಗೆ ಈಗ ತಂತಿಯ ಎಳೆತವಿಲ್ಲ. ಪೆಡಲ್ ಎಷ್ಟು ಕೆಳಗಿಳಿದಿದೆ ಎಂಬುದನ್ನು ಓದಿ, ಎಷ್ಟು ಟಾರ್ಕ್ ಕೊಡಬೇಕೆಂದು ಕಂಪ್ಯೂಟರ್ ನಿರ್ಧರಿಸುತ್ತದೆ. ಸ್ಪೋರ್ಟ್‌ನಲ್ಲಿ ಪೆಡಲಿನ ಮೊದಲ ಭಾಗಕ್ಕೇ ಹೆಚ್ಚು ಟಾರ್ಕನ್ನು ಕೊಡಲಾಗುತ್ತದೆ. ಪೆಡಲನ್ನು ತಳಕ್ಕೆ ಒತ್ತಿದಾಗ ಸಿಗುವ ಗರಿಷ್ಠ ಶಕ್ತಿಯಾದರೋ ಎರಡೂ ಮೋಡ್‌ಗಳಲ್ಲಿ ಅದೇ 252 ಅಶ್ವಶಕ್ತಿ. ಸ್ಪೋರ್ಟ್ ಮೋಡ್ ಶಕ್ತಿಯನ್ನು ಹೆಚ್ಚಿಸುತ್ತದೆ ಎಂದು ಮಾರಾಟಗಾರರು ಹೇಳಿದರೆ ಅದನ್ನು ಒಪ್ಪಬೇಕಾಗಿಲ್ಲ.

ಈಗ ಟ್ರ್ಯಾಕ್ಷನ್ ಕಂಟ್ರೋಲ್‌ನ ವಿಷಯ. ನಾಲ್ಕೂ ಚಕ್ರಗಳ ವೇಗವನ್ನು ಅಳೆಯುವ ಸೆನ್ಸರ್‌ಗಳು, ಸ್ಟಿಯರಿಂಗ್ ಎಷ್ಟು ತಿರುಗಿದೆ ಎಂದು ಹೇಳುವ ಸೆನ್ಸರ್, ಕಾರು ತನ್ನ ನಡುವಿನ ಸುತ್ತ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಅಳೆಯುವ ಸೆನ್ಸರ್, ಇಷ್ಟೂ ಮೂಲಗಳಿಂದ ಬಂದ ಮಾಹಿತಿಯನ್ನು ಹೋಲಿಸಿ ಚಕ್ರ ಜಾರುತ್ತಿದೆಯೇ, ಕಾರು ಚಾಲಕ ಕೇಳಿದ ದಿಕ್ಕಿಗೇ ಹೋಗುತ್ತಿದೆಯೇ ಎಂದು ವ್ಯವಸ್ಥೆ ಲೆಕ್ಕ ಹಾಕುತ್ತದೆ. ಜಾರುತ್ತಿದ್ದರೆ ಎಂಜಿನ್ನಿನ ಟಾರ್ಕನ್ನು ಕಡಿತಗೊಳಿಸುತ್ತದೆ, ಇಲ್ಲವೇ ಜಾರುವ ಚಕ್ರಕ್ಕೆ ಬ್ರೇಕ್ ಹಾಕುತ್ತದೆ, ಇಲ್ಲವೇ ಎರಡನ್ನೂ ಮಾಡುತ್ತದೆ. ಬಿಎಂಡಬ್ಲ್ಯು ಈ ಸ್ಥಿರತಾ ವ್ಯವಸ್ಥೆಯನ್ನು ಡಿಎಸ್‌ಸಿ (ಡೈನಾಮಿಕ್ ಸ್ಟೆಬಿಲಿಟಿ ಕಂಟ್ರೋಲ್) ಎಂದು ಕರೆಯುತ್ತದೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ: ಟೈರ್ ಅತಿ ಹೆಚ್ಚು ಹಿಡಿತ ಕೊಡುವುದು ಸ್ವಲ್ಪವೂ ಜಾರದೇ ಇರುವಾಗ ಅಲ್ಲ. ಒಣ ಡಾಂಬರಿನ ಮೇಲೆ ಚಕ್ರದ ವೇಗ ಕಾರಿನ ವೇಗಕ್ಕಿಂತ ಸುಮಾರು ಶೇಕಡ 10ರಿಂದ 20ರಷ್ಟು ಹೆಚ್ಚಿದ್ದಾಗ ಮುಂದಕ್ಕೆ ತಳ್ಳುವ ಬಲ ಉತ್ತುಂಗದಲ್ಲಿರುತ್ತದೆ. ಅದಕ್ಕಿಂತ ಹೆಚ್ಚು ಜಾರಿದರೆ ಆ ಬಲ ಕುಸಿಯುತ್ತದೆ ಮತ್ತು ಪಕ್ಕಕ್ಕೆ ಹಿಡಿದಿಡುವ ಬಲ ಇನ್ನೂ ಬೇಗ ಕುಸಿಯುತ್ತದೆ. ಸಾಮಾನ್ಯ ಡಿಎಸ್‌ಸಿ ಈ ಉತ್ತುಂಗಕ್ಕೆ ಸಾಕಷ್ಟು ಮೊದಲೇ ಮಧ್ಯೆ ಪ್ರವೇಶಿಸುವುದು ಪಕ್ಕದ ಹಿಡಿತವನ್ನು ಉಳಿಸಿಕೊಳ್ಳುವುದಕ್ಕಾಗಿ.

330ಐ ಕಾರಿನಲ್ಲಿ ಸ್ಪೋರ್ಟ್ ಮೋಡ್ ಆರಿಸಿದಾಗ ಡಿಎಸ್‌ಸಿ ಪೂರ್ಣ ಎಚ್ಚರದಲ್ಲಿಯೇ ಇರುತ್ತದೆ. ಗೇರ್ ಮತ್ತು ಪೆಡಲ್ ಬದಲಾಗುತ್ತವೆ, ಕಾವಲು ಹಾಗೆಯೇ ಮುಂದುವರಿಯುತ್ತದೆ. ಹಾಗಾದರೆ ಒದ್ದೆ ರಸ್ತೆಯಲ್ಲಿ ಸ್ಪೋರ್ಟ್ ಮೋಡ್ ಹಾಕಿದಾಗ ಹಿಂಬದಿ ಹೆಚ್ಚು ಚಡಪಡಿಸುವಂತೆ ಅನ್ನಿಸುವುದು ಭ್ರಮೆಯೇ? ಅಲ್ಲ. ಅದರ ಕಾರಣ ಮಾತ್ರ ಟ್ರ್ಯಾಕ್ಷನ್ ಕಂಟ್ರೋಲ್‌ನಲ್ಲಿಲ್ಲ, ಗೇರಿನಲ್ಲಿದೆ. ಈ ಗೇರ್‌ಬಾಕ್ಸ್‌ನ ಆರನೆಯ ಗೇರಿನ ಅನುಪಾತ 1. ಮೂರನೆಯದರದು ಸುಮಾರು 2.1. ಅಂದರೆ ಎಂಜಿನ್ ಅದೇ ಟಾರ್ಕನ್ನು ಕೊಟ್ಟರೂ ಆರನೆಯ ಗೇರಿಗಿಂತ ಮೂರನೆಯ ಗೇರಿನಲ್ಲಿ ಹಿಂದಿನ ಚಕ್ರಗಳಿಗೆ ತಲುಪುವ ತಿರುಗುಬಲ ಎರಡು ಪಟ್ಟಿಗೂ ಹೆಚ್ಚು. ಕಂಫರ್ಟ್‌ನಲ್ಲಿ ಐದನೆಯ ಗೇರಿನಲ್ಲಿ ಸಾವಕಾಶವಾಗಿ ಸುತ್ತುತ್ತಿದ್ದ ತಿರುವನ್ನು ಸ್ಪೋರ್ಟ್‌ನಲ್ಲಿ ಮೂರನೆಯ ಗೇರಿನಲ್ಲಿ ಸುತ್ತುತ್ತೇವೆ. ಜೊತೆಗೆ ಪೆಡಲ್ ಹೆಚ್ಚು ಸೂಕ್ಷ್ಮವಾಗಿದೆ. ಟರ್ಬೊ ಆಗಲೇ ಒತ್ತಡ ಕಟ್ಟಿಕೊಂಡು ಸಿದ್ಧವಾಗಿದೆ. ಕಾಲಿನ ಅದೇ ಚಲನೆಗೆ ಟೈರ್ ಎದುರಿಸಬೇಕಾದ ಬಲ ಸಾಕಷ್ಟು ಹೆಚ್ಚಿದೆ. ಕಾವಲಿನ ನಿಯಮ ಬದಲಾಗಿಲ್ಲ. ಕಾವಲಿಗೆ ಕೆಲಸ ಹೆಚ್ಚಾಗಿದೆ.

ಇದನ್ನು ಬೆಟ್ಟದ ದಾರಿಯ ಒಂದು ಕಡಿದಾದ ಏರುತಿರುವಿನಲ್ಲಿ, ಮಳೆ ನಿಂತ ಸ್ವಲ್ಪ ಹೊತ್ತಿಗೆ, ಬಹಳ ಸ್ಪಷ್ಟವಾಗಿ ನೋಡಿದ್ದೇನೆ. ಸ್ಪೋರ್ಟ್‌ನಲ್ಲಿ ಎರಡನೆಯ ಗೇರಿಗಿಳಿದ ಕಾರಿನ ಸ್ಟಿಯರಿಂಗನ್ನು ನೇರಗೊಳಿಸುತ್ತ ಪೆಡಲನ್ನು ಒತ್ತಿದಾಗ ಒಳಬದಿಯ ಹಿಂಚಕ್ರ ಮೊದಲು ಹಗುರವಾಯಿತು. ಮೀಟರಿನಲ್ಲಿ ಡಿಎಸ್‌ಸಿಯ ಹಳದಿ ದೀಪ ಮಿನುಗಿತು, ಎಂಜಿನ್ನಿನ ಸದ್ದು ಒಮ್ಮೆ ಕುಗ್ಗಿ ಮತ್ತೆ ಏರಿತು, ಹಿಂಬದಿಯಲ್ಲಿ ಬ್ರೇಕ್ ಕಚ್ಚಿ ಬಿಟ್ಟ ಸಣ್ಣ ಅದುರು ಸೀಟಿನ ಮೂಲಕ ತಿಳಿಯಿತು. ಕಾರು ಗೆರೆ ಬಿಡಲಿಲ್ಲ. ಆದರೆ ವೇಗ ಸಿಗಬೇಕಾದ ಜಾಗದಲ್ಲಿ ತಡೆ ಸಿಕ್ಕಿತು. ಅದೇ ತಿರುವಿನಲ್ಲಿ ಕಂಫರ್ಟ್ ಮೋಡ್ ಮೂರನೆಯ ಗೇರಿನಲ್ಲೇ ಇತ್ತು; ದೀಪ ಮಿನುಗಲೇ ಇಲ್ಲ; ತಿರುವಿನಿಂದ ಹೊರಬರುವಾಗಿನ ಓಟ ಹೆಚ್ಚು ನಿರಾತಂಕವಾಗಿತ್ತು. ಒದ್ದೆ ರಸ್ತೆಯಲ್ಲಿ ಚುರುಕು ಮೋಡ್‌ಗಿಂತ ನಿಧಾನದ ಮೋಡ್ ಉತ್ತಮ ಎಂದು ನಾನು ಹೇಳುವುದು ಕೇವಲ ಎಚ್ಚರಿಕೆಯ ದೃಷ್ಟಿಯಿಂದಲ್ಲ. ಅಲ್ಲಿ ಅದರಿಂದಲೇ ಓಟ ಹೆಚ್ಚು ಸರಾಗ. ಹಿಮದ ನಾಡುಗಳಿಗಾಗಿ ಅನೇಕ ಕಂಪನಿಗಳು ಕೊಡುವ ಸ್ನೋ ಮೋಡ್ ಎರಡನೆಯ ಗೇರಿನಲ್ಲೇ ಹೊರಡುವುದೂ ಇದೇ ತರ್ಕದಿಂದ.

ಗೇರ್ ಇಳಿಯುವಾಗಲೂ ಇಂಥದ್ದೇ ಪ್ರಶ್ನೆ ಏಳುತ್ತದೆ, ಇದನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಕೆಳಗಿನ ಗೇರ್ ಬಿದ್ದ ಕೂಡಲೇ ಎಂಜಿನ್ನಿನ ಎಳೆತ ಹಿಂದಿನ ಚಕ್ರಗಳನ್ನು ತಡೆಯುತ್ತದೆ. ನುಣುಪಾದ ನೆಲದ ಮೇಲೆ ಆ ತಡೆಯೇ ಚಕ್ರವನ್ನು ಜಾರಿಸಬಹುದು. ಇದಕ್ಕೆ ಎರಡು ರಕ್ಷಣೆಗಳಿವೆ. ಮೊದಲನೆಯದಾಗಿ, ಗೇರ್ ಇಳಿಸುವ ಹೊತ್ತಿಗೆ ಎಂಜಿನ್ ತಾನಾಗಿಯೇ ಆರ್‌ಪಿಎಂ ಏರಿಸಿ ಹೊಸ ಗೇರಿನ ವೇಗಕ್ಕೆ ಹೊಂದಿಕೊಳ್ಳುತ್ತದೆ. ಅದಾದ ಮೇಲೂ ಚಕ್ರ ಹಿಂದೆ ಬಿದ್ದರೆ ಸ್ಥಿರತಾ ವ್ಯವಸ್ಥೆ ಎಂಜಿನ್ನಿಗೆ ಸ್ವಲ್ಪ ಟಾರ್ಕ್ ಸೇರಿಸುವಂತೆ ಸೂಚಿಸುತ್ತದೆ. ಟ್ರ್ಯಾಕ್ಷನ್ ಕಂಟ್ರೋಲ್ ಎಂದರೆ ಬಲವನ್ನು ಕಡಿಮೆ ಮಾಡುವುದು ಎಂದಷ್ಟೇ ತಿಳಿದವರಿಗೆ, ಅದೇ ಕುಟುಂಬದ ವ್ಯವಸ್ಥೆಯೊಂದು ಬಲವನ್ನು ಹೆಚ್ಚಿಸಿಯೂ ಕಾರನ್ನು ಕಾಪಾಡುತ್ತದೆ ಎಂಬುದು ಹೊಸ ವಿಷಯವಾಗಬಹುದು. ಸ್ಪೋರ್ಟ್‌ನಲ್ಲಿ ಈ ಹೊಂದಾಣಿಕೆ ಬಹಳ ಅಚ್ಚುಕಟ್ಟಾಗಿದೆ. ನೇರ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತುತ್ತ ಬಂದಾಗಲೂ ಹಿಂಬದಿ ಅಲುಗಿದ್ದನ್ನು ನಾನು ಕಾಣೆ.

ಸ್ಪೋರ್ಟ್ ಪ್ಲಸ್‌ಗೆ ದಾಟಿದಾಗ ಕಾವಲಿನ ನಿಯಮವೇ ಬದಲಾಗುತ್ತದೆ. ಮೀಟರಿನಲ್ಲಿ ಸೂಚಕ ದೀಪ ಸ್ಥಿರವಾಗಿ ಉರಿಯತೊಡಗುತ್ತದೆ, ಡಿಟಿಸಿ (ಡೈನಾಮಿಕ್ ಟ್ರ್ಯಾಕ್ಷನ್ ಕಂಟ್ರೋಲ್) ಎಂಬ ಇನ್ನೊಂದು ಸ್ಥಿತಿ ಜಾರಿಗೆ ಬರುತ್ತದೆ. ಇದರಲ್ಲಿ ವ್ಯವಸ್ಥೆ ನಿಂತುಹೋಗುವುದಿಲ್ಲ. ಚಕ್ರ ಎಷ್ಟು ಜಾರಬಹುದು, ಕಾರು ಎಷ್ಟು ಓರೆಯಾಗಬಹುದು ಎಂಬ ಮಿತಿಗಳು ಮಾತ್ರ ಹಿಗ್ಗುತ್ತವೆ. ಇಷ್ಟು ಆಟದ ಹೆಸರಿನ ಮೋಡ್‌ನೊಳಗೆ ಬಂದು ಸೇರಿದ ಈ ಡಿಟಿಸಿಯನ್ನು ಕಾರಿನ ಕೈಪಿಡಿ ಶಿಫಾರಸು ಮಾಡುವುದು ಹಿಮ ತುಂಬಿದ ರಸ್ತೆ, ಸಡಿಲ ನೆಲ, ಚಕ್ರಗಳಿಗೆ ಸರಪಳಿ ಕಟ್ಟಿಕೊಂಡು ಹೋಗುವ ಸಂದರ್ಭಗಳಿಗೆ. ಅಲ್ಲಿ ಚಕ್ರ ಸ್ವಲ್ಪ ಸುತ್ತಿ ಮೇಲಿನ ಪದರವನ್ನು ಕೆದಕಿದರೆ ಮಾತ್ರ ಕಾರು ಮುಂದೆ ಸರಿಯುತ್ತದೆ. ಒಣ ಟ್ರ್ಯಾಕಿನಲ್ಲಿ ಅದೇ ಸಡಿಲಿಕೆ ಟೈರನ್ನು ಅದರ ಹಿಡಿತದ ಉತ್ತುಂಗದ ಹತ್ತಿರಕ್ಕೆ ಹೋಗಲು ಬಿಡುತ್ತದೆ. ಒಂದೇ ಸೌಲಭ್ಯ ಎರಡು ತುದಿಗಳಲ್ಲಿ ಉಪಯೋಗಕ್ಕೆ ಬರುತ್ತದೆ. ನಡುವಿನ ಸಾಮಾನ್ಯ ರಸ್ತೆಗೆ ಅದರಿಂದ ಆಗುವ ಲಾಭ ನನಗೆ ಕಾಣಿಸಿಲ್ಲ.

ಟ್ರ್ಯಾಕಿನಲ್ಲಿ ಸ್ಪೋರ್ಟ್ ಪ್ಲಸ್ ನಡೆದುಕೊಂಡ ರೀತಿ ನನಗೆ ತುಂಬ ಹಿಡಿಸಿತು. ಎರಡನೆಯ ಗೇರಿನ ತಿರುವಿನಿಂದ ಹೊರಬರುತ್ತ ಪೆಡಲ್ ಒತ್ತಿದಾಗ ಹಿಂಬದಿ ಹೊರಕ್ಕೆ ಸರಿಯಲು ಆರಂಭಿಸಿತು. ಸ್ಟಿಯರಿಂಗನ್ನು ಸ್ವಲ್ಪ ಎದುರು ತಿರುಗಿಸಿ ಅದನ್ನು ನಾನೇ ಸರಿಪಡಿಸಿಕೊಳ್ಳುವಷ್ಟು ಅವಕಾಶ ಸಿಕ್ಕಿತು. ಪೆಡಲನ್ನು ಬೇಕೆಂದೇ ಇನ್ನಷ್ಟು ಒತ್ತಿದಾಗ ಮಾತ್ರ ಹೊರಬದಿಯ ಮುಂಚಕ್ರಕ್ಕೆ ಬ್ರೇಕ್ ಬಿದ್ದು ಕಾರು ನೇರವಾಯಿತು. ಸಾಮಾನ್ಯ ಡಿಎಸ್‌ಸಿಯಾಗಿದ್ದರೆ ಇಷ್ಟೆಲ್ಲ ಆಗುವ ಮೊದಲೇ ಎಂಜಿನ್ನಿನ ಬಲ ಕಡಿತವಾಗಿರುತ್ತಿತ್ತು. ಚಾಲಕನಿಗೆ ಕಲಿಯಲು ಜಾಗ ಬಿಟ್ಟು, ಕೊನೆಯ ಗೋಡೆಯನ್ನು ಮಾತ್ರ ಉಳಿಸಿಕೊಂಡ ಈ ಹೊಂದಿಕೆಯ ಹಿಂದೆ ಬಹಳ ಕಾಳಜಿಯ ಕೆಲಸವಿದೆ ಎಂಬುದರಲ್ಲಿ ಸಂದೇಹವಿಲ್ಲ.

ಟ್ರ್ಯಾಕ್ಷನ್ ಕಂಟ್ರೋಲ್ ಮತ್ತು ಗೇರ್‌ಬಾಕ್ಸ್ ನೇರವಾಗಿ ಕೈ ಜೋಡಿಸುವುದೂ ಇಲ್ಲಿಯೇ. ಸ್ಟಿಯರಿಂಗ್ ಹಿಂದೆ ಬೆರಳಿನಿಂದ ಗೇರ್ ಬದಲಿಸುವ ಪ್ಯಾಡಲ್‌ಗಳಿರುವ ಸ್ಪೋರ್ಟ್ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇದ್ದರೆ, ಲಿವರನ್ನು ಎಡಕ್ಕೆ ಸರಿಸಿ ಗೇರುಗಳನ್ನು ಕೈಯಿಂದಲೇ ಬದಲಾಯಿಸುವಾಗ ಒಂದು ಮುಖ್ಯ ವ್ಯತ್ಯಾಸ ಕಾಣುತ್ತದೆ. ಕಂಫರ್ಟ್ ಮತ್ತು ಸ್ಪೋರ್ಟ್‌ಗಳಲ್ಲಿ ಆರ್‌ಪಿಎಂ ಗರಿಷ್ಠ ಮಿತಿಗೆ ತಲುಪಿದರೆ ಗೇರ್‌ಬಾಕ್ಸ್ ಚಾಲಕನ ಅಪ್ಪಣೆಗೆ ಕಾಯದೆ ಮೇಲಿನ ಗೇರಿಗೆ ಹೋಗುತ್ತದೆ. ಡಿಟಿಸಿ ಜಾರಿಯಲ್ಲಿದ್ದರೆ, ಸ್ಪೋರ್ಟ್ ಪ್ಲಸ್‌ನಲ್ಲಿದ್ದರೆ, ಅಥವಾ ಡಿಎಸ್‌ಸಿಯನ್ನು ಪೂರ್ತಿ ನಿಲ್ಲಿಸಿದ್ದರೆ ಹಾಗೆ ಹೋಗುವುದಿಲ್ಲ. ಎಂಜಿನ್ ಮಿತಿಯನ್ನು ಮುಟ್ಟಿ ಅಲ್ಲೇ ತಡವರಿಸುತ್ತದೆ, ಗೇರ್ ಮಾತ್ರ ಕದಲುವುದಿಲ್ಲ. ಪೆಡಲನ್ನು ತಳಕ್ಕೆ ತುಳಿದರೂ ತಾನಾಗಿ ಗೇರ್ ಇಳಿಯುವುದಿಲ್ಲ. ಹಿಂದಿನ ಚಕ್ರಗಳು ಹಿಡಿತದ ಅಂಚಿನಲ್ಲಿರುವಾಗ ಕೇಳದೆಯೇ ಬರುವ ಗೇರ್ ಬದಲಾವಣೆ ಆ ಸಮತೋಲವನ್ನು ಕೆಡಿಸಬಲ್ಲದು. ಕಾವಲು ಸಡಿಲವಾದ ಕಡೆ ಗೇರಿನ ಹೊಣೆಯನ್ನೂ ಚಾಲಕನಿಗೇ ಬಿಟ್ಟುಕೊಟ್ಟ ಈ ನಿರ್ಧಾರ ನನಗೆ ಪೂರ್ಣ ಒಪ್ಪಿಗೆ. ಆದರೆ ಕಂಫರ್ಟ್‌ನ ಅಭ್ಯಾಸವಿರುವವರು ಮೊದಲ ಸಲ ಇದನ್ನು ಎದುರಿಸುವಾಗ ಗಲಿಬಿಲಿಗೊಳ್ಳುವುದು ಖಂಡಿತ. ಆದ್ದರಿಂದ ಕೈಪಿಡಿಯ ಆ ಪುಟವನ್ನು ಓದದೆ ಟ್ರ್ಯಾಕಿಗೆ ಇಳಿಯಬಾರದು.

ಡ್ರೈವ್ ಮೋಡ್ ಮತ್ತು ಕಾವಲು, ಈ ಎರಡನ್ನು ಬಿಡಿಸಿ ಬಳಸುವ ದಾರಿಯೂ ಕಾರಿನಲ್ಲಿದೆ, ಅದು ಅಭಿನಂದನೀಯ. ಡಿಎಸ್‌ಸಿ ಗುಂಡಿಯನ್ನು ಒಮ್ಮೆ ಚುಟುಕಾಗಿ ಒತ್ತಿದರೆ ಯಾವ ಮೋಡ್‌ನಲ್ಲಿದ್ದರೂ ಡಿಟಿಸಿ ಸಿಗುತ್ತದೆ. ಒತ್ತಿ ಹಿಡಿದರೆ ಡಿಎಸ್‌ಸಿ ನಿಲ್ಲುತ್ತದೆ. ಕೆಸರಿನಲ್ಲಿ ಸಿಕ್ಕಿಬಿದ್ದಾಗ ಬೇಕಾಗುವುದು ಮೃದುವಾದ ಪೆಡಲ್, ಸಡಿಲವಾದ ಕಾವಲು. ಕಂಫರ್ಟ್ ಜೊತೆ ಡಿಟಿಸಿ ಇದನ್ನು ಕೊಡುತ್ತದೆ. ಪರದೆಯ ಮೆನುವಿನಲ್ಲಿ ಸ್ಪೋರ್ಟ್ ಮೋಡ್ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಬದಲಾಯಿಸಬೇಕೇ, ಚಾಸಿಯನ್ನು (ಸಸ್ಪೆನ್ಷನ್, ಸ್ಟಿಯರಿಂಗ್‌ಗಳ ಸ್ವಭಾವವನ್ನು) ಬದಲಾಯಿಸಬೇಕೇ, ಎರಡನ್ನೂ ಬದಲಾಯಿಸಬೇಕೇ ಎಂದು ಆರಿಸಿಕೊಳ್ಳಬಹುದು. ಹೊಂಡಗಳಿರುವ ರಸ್ತೆಗೆ ಎಂಜಿನ್ ಮತ್ತು ಗೇರನ್ನು ಮಾತ್ರ ಗುರುತು ಮಾಡಿಕೊಳ್ಳುವುದು ನನ್ನ ಆಯ್ಕೆ. ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಕಾರಿನ ಏಳನೆಯ ಪೀಳಿಗೆಯಲ್ಲೂ ಸ್ಪೋರ್ಟ್ ಪ್ರೊಫೈಲ್ ಬೇರೆ, ಸ್ಥಿರತಾ ವ್ಯವಸ್ಥೆಯ ಸ್ಪೋರ್ಟ್ ಸ್ಥಿತಿ ಬೇರೆ. ಎರಡನೆಯದನ್ನು ಚಾಲಕ ಪ್ರತ್ಯೇಕವಾಗಿ ಆರಿಸಬೇಕು. ಗೊಂದಲಕ್ಕೆ ಎಡೆಯಿಲ್ಲದ ಈ ವಿಂಗಡಣೆ ಬಿಎಂಡಬ್ಲ್ಯುವಿನದಕ್ಕಿಂತ ಸ್ಪಷ್ಟವಾಗಿದೆ ಎಂದು ನನ್ನ ಅಭಿಪ್ರಾಯ.

ಕಾರನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದಾಗ ಮೋಡ್ ಕಂಫರ್ಟ್‌ಗೆ ಮರಳುತ್ತದೆ, ಡಿಎಸ್‌ಸಿಯೂ ಪೂರ್ಣ ಸ್ಥಿತಿಗೆ ಬರುತ್ತದೆ. ಇದರ ಬಗ್ಗೆ ಬೇಸರಪಡುವವರಿದ್ದಾರೆ. ಕಾವಲಿನ ಮಟ್ಟಿಗೆ ಇದು ಕಂಪನಿಯ ಇಷ್ಟಕ್ಕೆ ಬಿಟ್ಟ ವಿಷಯವಲ್ಲ; ಸ್ಥಿರತಾ ವ್ಯವಸ್ಥೆ ಪ್ರತಿ ಬಾರಿ ಎಂಜಿನ್ ಚಾಲೂ ಆದಾಗಲೂ ಪೂರ್ಣ ಸ್ಥಿತಿಗೆ ಮರಳಬೇಕೆಂದು ಅಮೆರಿಕದ ಸುರಕ್ಷತಾ ನಿಯಮ ಹೇಳುತ್ತದೆ. 1995ರಲ್ಲಿ ಮರ್ಸಿಡಿಸ್ ಎಸ್ ಕ್ಲಾಸ್‌ನಂಥ ದುಬಾರಿ ಕಾರಿನಲ್ಲಿ ಮೊದಲು ಬಂದ ಈ ತಂತ್ರಜ್ಞಾನ ಯುರೋಪಿನ ಎಲ್ಲ ಹೊಸ ಕಾರುಗಳಿಗೆ 2014ರ ಹೊತ್ತಿಗೆ ಕಡ್ಡಾಯವಾಯಿತು. ಹಿಂದಿನ ದಿನ ಟ್ರ್ಯಾಕಿನಲ್ಲಿ ಓಡಿಸಿದವರು ಸಡಿಲವಾಗಿ ಬಿಟ್ಟ ಕಾವಲಿನೊಂದಿಗೆ ಮರುದಿನ ಮನೆಯ ಇನ್ನೊಬ್ಬರು ಮಳೆಯಲ್ಲಿ ಹೊರಡುವಂತಾಗಬಾರದು.

ಇಂಧನದ ಖರ್ಚು ಸ್ಪೋರ್ಟ್‌ನಲ್ಲಿ ಹೆಚ್ಚುತ್ತದೆ, ವಾಹನದಟ್ಟಣೆಯಲ್ಲಿ ಕೆಳಗಿನ ಗೇರಿನ ಎಳೆದಾಟ ಪ್ರಯಾಣಿಕರಿಗೆ ಹಿತವಲ್ಲ. ಇವು ನಿರೀಕ್ಷಿತವೇ. ಒಣಗಿದ, ತಿರುವುಗಳಿರುವ, ಖಾಲಿ ರಸ್ತೆಗೆ ಸ್ಪೋರ್ಟ್ ಮೋಡನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಗೇರ್‌ಬಾಕ್ಸ್‌ನ ಮಟ್ಟಿಗೆ ಇದಕ್ಕಿಂತ ಉತ್ತಮವಾದ ಆಟೊಮ್ಯಾಟಿಕ್ ಹೊಂದಾಣಿಕೆಯನ್ನು ಈ ವರ್ಗದ ಕಾರುಗಳಲ್ಲಿ ನಾನು ಕಂಡಿಲ್ಲ. ಸ್ಪೋರ್ಟ್ ಪ್ಲಸ್ ಮುಚ್ಚಿದ ಟ್ರ್ಯಾಕಿಗೆ ಮಾತ್ರ. ಸವೆದ ಟೈರುಗಳಿದ್ದರೆ ಎರಡರಲ್ಲಿ ಯಾವುದನ್ನೂ ಮುಟ್ಟದಿರುವುದು ಒಳ್ಳೆಯದು, ಏಕೆಂದರೆ ಎಷ್ಟು ಜಾರಲು ಬಿಡಬೇಕೆಂದು ಸಾಫ್ಟ್‌ವೇರ್ ನಿರ್ಧರಿಸಬಹುದೇ ಹೊರತು ಟೈರಿನಲ್ಲಿಲ್ಲದ ಹಿಡಿತವನ್ನು ಅದು ತಂದುಕೊಡಲಾರದು.

ಈ ಪೀಳಿಗೆಯ ತಯಾರಿಕೆ ನಿಂತಿರುವುದರಿಂದ ಈಗ ಕೊಳ್ಳುವವರೆಲ್ಲ ಬಳಸಿದ ಕಾರನ್ನೇ ನೋಡುತ್ತಿರುತ್ತಾರೆ. ಎಲ್ಲ 330ಐ ಕಾರುಗಳಲ್ಲೂ ಸ್ಪೋರ್ಟ್ ಪ್ಲಸ್ ಇರುವುದಿಲ್ಲ. ಮೊದಲ ಮಾಲೀಕರು ಆರಿಸಿದ ಸಲಕರಣೆಗಳ ಮೇಲೆ ಅದು ನಿಂತಿದೆ. ನೋಡಲು ಹೋದಾಗ ಎಂಜಿನ್ ಚಾಲೂ ಮಾಡಿ ಮೋಡ್ ಗುಂಡಿಯನ್ನು ಮುಂದಕ್ಕೆ ಎರಡು ಸಲ ತಳ್ಳಿ, ಮೀಟರಿನಲ್ಲಿ ಏನು ಬರುತ್ತದೆ ಎಂದು ನೋಡಬೇಕು. ಸ್ಟಿಯರಿಂಗ್ ಹಿಂದೆ ಪ್ಯಾಡಲ್‌ಗಳಿವೆಯೇ ಎಂದು ಕೈಯಾಡಿಸಬೇಕು. ಪ್ಯಾಡಲ್ ಇಲ್ಲದ ಕಾರಿನಲ್ಲೂ ಸ್ಪೋರ್ಟ್ ಮೋಡ್‌ನ ಗೇರ್ ಹಿಡಿಯುವ ಗುಣ ಸಿಗುತ್ತದೆ, ಆದರೆ ಗರಿಷ್ಠ ಆರ್‌ಪಿಎಂನಲ್ಲಿ ಚಾಲಕನ ಮಾತಿಗೆ ಕಾಯುವ ಆ ಸೌಜನ್ಯವನ್ನು ಅದರಿಂದ ನಿರೀಕ್ಷಿಸುವಂತಿಲ್ಲ.